ಕಪಾಟಿನಲ್ಲಿ ಯಾರಿದ್ದಾರೆ?



ಭಾಷೆ ಭಾಷೆಗಳ ನಡುವಿನ ಕೊಡುಕೊಳೆಯನ್ನು ಕುರಿತು ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಕಟ್ಟಳೆ. ಒಂದು ತಾಸಿನಲ್ಲಿ ಆ ವಿಷಯದ ಅಂಚನ್ನೂ ಮುಟ್ಟಲಾಗದು. ಆದ್ದರಿಂದ ಇಂಗ್ಲಿಷಿನ ಒಂದೇ ಒಂದು ನುಡಿಗಟ್ಟನ್ನು ಹಿಡಿದುಕೊಂಡು ಬಂದಿದ್ದೇನೆ: 'ಸ್ಕೆಲೆಟನ್ ಇನ್ ದ ಕಬರ್ಡ್', ಕಪಾಟಿನೊಳಗಿನ ಅಸ್ಥಿಪಂಜರ. ನಮ್ಮ ಇಂಗ್ಲಿಷ್ ಪತ್ರಿಕೆಗಳನ್ನು ಓದುವವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಸಹಕಾರಿ ಬ್ಯಾಂಕೊಂದು ಮುಳುಗಲಿ, ನೇಮಕಾತಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಸೋರಲಿ, ತನಿಖೆ ಶುರುವಾದ ಮೂರನೆಯ ದಿನಕ್ಕೆ ಕಪಾಟಿನಿಂದ ಅಸ್ಥಿಪಂಜರಗಳು ದಬದಬನೆ ಉರುಳತೊಡಗುತ್ತವೆ. ಈ 'ಉರುಳುವುದು' ನಮ್ಮ ದೇಶದ ಇಂಗ್ಲಿಷಿಗೆ ಬಹಳ ಪ್ರಿಯವಾದ ಕ್ರಿಯಾಪದ. ಅದರ ಮೇಲೆ ನನಗೆ ಸ್ವಲ್ಪ ತಕರಾರಿದೆ. ಆ ತಕರಾರಿಗೆ ಆಮೇಲೆ ಬರುತ್ತೇನೆ.

ಮೊದಲು ಅರ್ಥ. ಗುಟ್ಟು ಎಂದ ಮಾತ್ರಕ್ಕೆ ಎಲ್ಲವೂ ಅಸ್ಥಿಪಂಜರವಲ್ಲ. ಅದು ಹಳೆಯದಾಗಿರಬೇಕು, ಮಾನ ಹೋಗುವಂಥದ್ದಾಗಿರಬೇಕು, ಮತ್ತು ಮನೆಯೊಳಗಿನ ಒಂದಿಬ್ಬರಿಗಾದರೂ ಗೊತ್ತಿರಬೇಕು. ಮೂರನೆಯದನ್ನು ಜನ ಮರೆಯುತ್ತಾರೆ. ಆ ಕಪಾಟನ್ನು ಮನೆಯವರು ತೆರೆಯದೇ ಇರುವುದು ಒಳಗೇನಿದೆ ಎಂದು ತಿಳಿದಿರುವುದರಿಂದಲೇ. ಇಂಗ್ಲಿಷಿನಲ್ಲಿ ಇದೇ ಬಳಗದ ಇನ್ನೊಂದು ಮಾತಿದೆ, ಚೀಲದಿಂದ ಬೆಕ್ಕನ್ನು ಹೊರಬಿಡುವುದು. ಅದಕ್ಕೆ ಮಾನಾಪಮಾನದ ಗೊಡವೆಯಿಲ್ಲ. ಹುಟ್ಟುಹಬ್ಬದ ಉಡುಗೊರೆಯ ಸುದ್ದಿಯನ್ನು ಬಾಯಿಬಡುಕ ಅಳಿಯನೊಬ್ಬ ಹೇಳಿಬಿಟ್ಟರೂ ಬೆಕ್ಕು ಹೊರಬಿದ್ದಂತೆಯೇ. 'ಕಮ್ ಟು ಲೈಟ್' ಎಂಬುದು ಇನ್ನೂ ಸಾದಾ. ಹೊಲ ಉಳುವಾಗ ಸಿಕ್ಕ ವೀರಗಲ್ಲಿಗೂ ಅದು ಸಲ್ಲುತ್ತದೆ. ಹಾಗಿರುವಾಗ ಹೋದ ವರ್ಷ ನಡೆದ ಟೆಂಡರ್ ಅವ್ಯವಹಾರವನ್ನು ಅಸ್ಥಿಪಂಜರ ಎನ್ನುವುದು ಪದದ ದುಂದು. ಅಸ್ಥಿಪಂಜರ ಆಗಬೇಕಾದರೆ ಮಾಂಸ ಕರಗುವಷ್ಟು ಕಾಲವಾದರೂ ಕಳೆದಿರಬೇಡವೇ?

ಪ್ರತಿಯೊಂದು ಮನೆತನದಲ್ಲೂ ಇಂಥದೊಂದು ಇದ್ದೇ ಇರುತ್ತದೆ ಎಂದು ಇಂಗ್ಲಿಷರು ಹೇಳುವುದುಂಟು. ನಾವು ಅದನ್ನು ಒಲೆಯ ಹತ್ತಿರ ಕೂತು ಹೇಳುತ್ತೇವೆ: ಎಲ್ಲರ ಮನೆ ದೋಸೆಯೂ ತೂತೇ. ನಮ್ಮ ಮನೆಯ ಕಾವಲಿಯೇ ತೂತು ಎಂದು ಅದನ್ನು ಮುಂದುವರಿಸುವವರೂ ಇದ್ದಾರೆ. ಅರ್ಥ ಹತ್ತಿರದ್ದೇ, ಆದರೆ ಬಳಸುವ ಸಂದರ್ಭ ಬೇರೆ. ದೋಸೆಯ ಮಾತನ್ನು ನೊಂದವರ ಎದುರಿಗೆ ಸಮಾಧಾನಕ್ಕೆ ಹೇಳುತ್ತೇವೆ. ಅಸ್ಥಿಪಂಜರದ ಮಾತನ್ನು ಆ ಮನೆಯವರು ಎದ್ದುಹೋದ ಮೇಲೆ ಹೇಳುತ್ತಾರೆ.

ಈ ನುಡಿಗಟ್ಟು ಎಲ್ಲಿಂದ ಬಂತು? ಎರಡು ಕಥೆಗಳು ಚಾಲ್ತಿಯಲ್ಲಿವೆ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಕಥೆಗಳಲ್ಲಿ ನೀಲಿ ಗಡ್ಡದ ಸಾಹುಕಾರನ ಕಥೆಯೊಂದಿದೆ. ಹೊಸ ಹೆಂಡತಿಗೆ ಮನೆಯ ಬೀಗದಕೈಗಳನ್ನೆಲ್ಲ ಕೊಟ್ಟು, ಆ ಒಂದು ಕೋಣೆ ಮಾತ್ರ ಬೇಡ ಎಂದು ಅವನು ಊರಿಗೆ ಹೋಗುತ್ತಾನೆ. ಅವಳು ತೆರೆಯುತ್ತಾಳೆ, ಒಳಗೆ ಹಿಂದಿನ ಹೆಂಡತಿಯರ ಹೆಣಗಳಿರುತ್ತವೆ. ಇನ್ನೊಂದು ವೈದ್ಯರ ಕಥೆ. ಶವ ಕೊಯ್ಯುವುದಕ್ಕೆ ಕಾನೂನಿನ ಅಡ್ಡಿಯಿದ್ದ ಕಾಲದಲ್ಲಿ ವೈದ್ಯರು ಕದ್ದು ತಂದ ಅಸ್ಥಿಪಂಜರವನ್ನು ಕಪಾಟಿನಲ್ಲಿ ಬಚ್ಚಿಡುತ್ತಿದ್ದರು, ಅದರಿಂದ ಈ ಮಾತು ಹುಟ್ಟಿತು ಎನ್ನುತ್ತಾರೆ. ಎರಡಕ್ಕೂ ಗಟ್ಟಿ ಪುರಾವೆಯಿಲ್ಲ. ನುಡಿಗಟ್ಟುಗಳಿಗೆ ಹುಟ್ಟಿದೂರು ಹುಡುಕುವವರು ಕಥೆ ಚೆನ್ನಾಗಿದ್ದರೆ ಪುರಾವೆ ಕೇಳುವುದನ್ನು ಬಿಟ್ಟುಬಿಡುತ್ತಾರೆ. ಆದರೂ ವೈದ್ಯರ ಕಥೆಯ ಜೊತೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮಾತು ಅಲ್ಲಿ ಹುಟ್ಟಿರದಿದ್ದರೂ ಆ ಕಾಲದ ಗಾಳಿಯನ್ನೇ ಉಸಿರಾಡಿ ಬೆಳೆದಿದೆ.

ಬ್ರಿಟನ್ನಿನಲ್ಲಿ 1752ರಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ ಗಲ್ಲಿಗೇರಿದ ಕೊಲೆಗಾರನ ದೇಹವನ್ನು ಹಾಗೆಯೇ ಹೂಳುವಂತಿರಲಿಲ್ಲ. ಒಂದೋ ಸರಪಳಿಯಲ್ಲಿ ತೂಗುಹಾಕಬೇಕು, ಇಲ್ಲವೇ ಶಸ್ತ್ರವೈದ್ಯರಿಗೆ ಕೊಡಬೇಕು. ವೈದ್ಯ ಶಾಲೆಗಳು ಬೆಳೆದ ಹಾಗೆ ಕೊಲೆಗಾರರ ಹೆಣಗಳು ಸಾಲದಾದವು. ರಾತ್ರಿ ಹೊತ್ತು ಹೊಸ ಗೋರಿ ಅಗೆದು ಹೆಣ ಮಾರುವ ದಂಧೆ ಹುಟ್ಟಿತು. ಎಡಿನ್‌ಬರೋದಲ್ಲಿ ವಿಲಿಯಂ ಬರ್ಕ್ ಮತ್ತು ವಿಲಿಯಂ ಹೇರ್ ಎಂಬಿಬ್ಬರು ಅಗೆಯುವ ಶ್ರಮವೇಕೆ ಎಂದುಕೊಂಡರು. 1828ರ ಒಂದೇ ವರ್ಷದೊಳಗೆ ಹದಿನಾರು ಜನರನ್ನು, ಹೆಚ್ಚಾಗಿ ಹೇಳಕೇಳುವವರಿಲ್ಲದ ಬಡವರನ್ನು, ಕೊಂದು ಅಂಗರಚನೆ ಕಲಿಸುತ್ತಿದ್ದ ಡಾಕ್ಟರ್ ರಾಬರ್ಟ್ ನಾಕ್ಸ್‌ಗೆ ಮಾರಿದರು. ಸಿಕ್ಕಿಬಿದ್ದ ಮೇಲೆ ಹೇರ್ ಮಾಫಿ ಸಾಕ್ಷಿಯಾಗಿ ಪಾರಾದ. ಬರ್ಕ್‌ನನ್ನು 1829ರ ಜನವರಿ 28ರಂದು ಗಲ್ಲಿಗೇರಿಸಿ, ಕಾಯಿದೆಯಂತೆ ಕೊಯ್ದರು. ಅವನ ಅಸ್ಥಿಪಂಜರ ಈಗಲೂ ಎಡಿನ್‌ಬರೋ ವಿಶ್ವವಿದ್ಯಾಲಯದ ಅಂಗರಚನಾ ಸಂಗ್ರಹಾಲಯದಲ್ಲಿದೆ.

ಅವನು ಇಂಗ್ಲಿಷಿಗೆ ಒಂದು ಕ್ರಿಯಾಪದವನ್ನೂ ಬಿಟ್ಟುಹೋದ. 'ಬರ್ಕ್' ಮಾಡುವುದೆಂದರೆ ಗಾಯದ ಗುರುತಿಲ್ಲದಂತೆ ಉಸಿರುಗಟ್ಟಿಸಿ ಕೊಲ್ಲುವುದು. ನೋಡನೋಡುತ್ತಿದ್ದಂತೆ ಅದು ಪಾರ್ಲಿಮೆಂಟಿನ ಮಾತೂ ಆಯಿತು. ಪ್ರಶ್ನೆಯನ್ನು ಬರ್ಕ್ ಮಾಡಿದರು, ವಿಚಾರಣೆಯನ್ನು ಬರ್ಕ್ ಮಾಡಿದರು ಎಂದರೆ ಸದ್ದಿಲ್ಲದೆ ಅದನ್ನು ಮುಗಿಸಿದರು ಎಂದರ್ಥ. ಸತ್ಯ ಹೊರಬರದಂತೆ ನೋಡಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ನಿಖರವಾದ ಇನ್ನೊಂದು ಪದವನ್ನು ನಾನು ಕಂಡಿಲ್ಲ. ಅದು ಬಳಕೆಯಿಂದ ಜಾರುತ್ತಿರುವುದಕ್ಕೆ ಕಾರಣ ಆ ಕೆಲಸ ನಿಂತದ್ದಂತೂ ಅಲ್ಲ.

ಬರ್ಕ್‌ನ ಗದ್ದಲದ ಫಲವಾಗಿ 1832ರಲ್ಲಿ ಅನಾಟಮಿ ಕಾಯಿದೆ ಬಂತು. ಇನ್ನು ಮುಂದೆ ಕೊಲೆಗಾರರ ಹೆಣ ಬೇಡ. ಬಡವರನ್ನು ಇಟ್ಟು ದುಡಿಸುವ ವರ್ಕ್‌ಹೌಸುಗಳಲ್ಲಿ ಸತ್ತು, ವಾರಸುದಾರರು ಬಾರದ ಹೆಣಗಳನ್ನು ವೈದ್ಯ ಶಾಲೆಗೆ ಕೊಡಬಹುದು ಎಂದಾಯಿತು. ಕೊಲೆಗೆ ಕೊಡುತ್ತಿದ್ದ ಶಿಕ್ಷೆ ಬಡತನಕ್ಕೆ ವರ್ಗವಾಯಿತು ಎಂದು ಆಗಲೇ ಕೂಗೆದ್ದಿತ್ತು. ಅದೇ ವರ್ಷದ ಜೂನಿನಲ್ಲಿ ತೀರಿಕೊಂಡ ತತ್ವಜ್ಞಾನಿ ಜೆರೆಮಿ ಬೆಂಥಾಮ್ ಮಾತ್ರ ತನ್ನ ದೇಹವನ್ನು ತಾನಾಗಿ ಬರೆದುಕೊಟ್ಟಿದ್ದ. ಸ್ನೇಹಿತರೆದುರು ಅವನ ದೇಹವನ್ನು ಕೊಯ್ದರು, ಎಲುಬುಗಳನ್ನು ಜೋಡಿಸಿ, ಹುಲ್ಲು ತುಂಬಿ, ಅವನದೇ ಕೋಟು ಟೋಪಿ ತೊಡಿಸಿ ಮರದ ಬೀರುವಿನಲ್ಲಿ ಕೂರಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವನು ಇಂದಿಗೂ ಇದ್ದಾನೆ. 2020ರಿಂದ ಗಾಜಿನ ಪೆಟ್ಟಿಗೆಯಲ್ಲಿ. ಇಂಗ್ಲೆಂಡಿನಲ್ಲಿ ನಾಚಿಕೆಯಿಲ್ಲದೆ ಕಪಾಟಿನಲ್ಲಿ ಕುಳಿತ ಅಸ್ಥಿಪಂಜರ ಅದೊಂದೇ ಇರಬೇಕು.

ಈಗ ಅಚ್ಚಿನ ದಾಖಲೆಗೆ ಬರೋಣ. ಈ ಮಾತು ಗುಟ್ಟಿನ ಅರ್ಥದಲ್ಲಿ ಕಾಣಿಸಿಕೊಂಡ ಬಹು ಹಳೆಯ ಜಾಗವೆಂದರೆ 'ಎಕ್ಲೆಕ್ಟಿಕ್ ರಿವ್ಯೂ' ಎಂಬ ಪತ್ರಿಕೆಯ 1816ರ ಸಂಚಿಕೆ. ಅಲ್ಲಿ ಮಾತಿರುವುದು ವ್ಯಭಿಚಾರದ ಬಗ್ಗೆಯಲ್ಲ, ಕಳ್ಳತನದ ಬಗ್ಗೆಯೂ ಅಲ್ಲ. ವಂಶಪಾರಂಪರ್ಯವಾಗಿ ಬರುವ ಕಾಯಿಲೆಯ ಬಗ್ಗೆ. ತಮ್ಮ ಮನೆತನದಲ್ಲಿ ಇಂಥ ರೋಗವಿದೆ ಎಂಬುದನ್ನು ಜನ ಹೇಗೆ ಮುಚ್ಚಿಡುತ್ತಾರೆ ಎನ್ನುವಾಗ ಈ ಅಸ್ಥಿಪಂಜರ ಬರುತ್ತದೆ.

ಇದನ್ನು ಓದಿದ ಯಾವ ಕನ್ನಡಿಗನಿಗೂ ನೆನಪಾಗುವುದು ಒಂದೇ ಗಾದೆ: ಸಂಸಾರ ಗುಟ್ಟು, ವ್ಯಾಧಿ ರಟ್ಟು. ಮನೆಯ ಒಳಜಗಳವನ್ನು ಒಳಗೇ ಇಟ್ಟುಕೋ, ಕಾಯಿಲೆಯನ್ನು ಮಾತ್ರ ನಾಲ್ಕು ಜನರಿಗೆ ಹೇಳು. ಯಾರಿಗಾದರೂ ಮದ್ದು ಗೊತ್ತಿದ್ದೀತು. ನಮ್ಮ ಅಜ್ಜಿಯಂದಿರು ಎರಡಕ್ಕೂ ಬೇರೆ ಬೇರೆ ಗೂಡು ಮಾಡಿದ್ದರು. ಇಂಗ್ಲಿಷಿನ ಕಪಾಟಿಗೆ ಮೊದಲು ಸೇರಿದ್ದೇ ವ್ಯಾಧಿ. ಆದರೆ ಗಾದೆ ಇದೆಯೆಂದು ನಾವೇನೂ ಬೀಗಬೇಕಾಗಿಲ್ಲ. ಕುಷ್ಠ, ಕ್ಷಯ, ಮೂರ್ಛೆರೋಗ, ಬುದ್ಧಿಭ್ರಮಣೆ ಇವುಗಳನ್ನು ಹೆಣ್ಣು ತೋರಿಸುವ ಹೊತ್ತಿಗೆ ಎಷ್ಟು ಮನೆಗಳಲ್ಲಿ ರಟ್ಟು ಮಾಡಿದ್ದಾರೆ? ಅಲ್ಲೆಲ್ಲ ವ್ಯಾಧಿಯನ್ನು ಸಂಸಾರದ ಖಾತೆಗೆ ಬರೆದುಕೊಂಡವರೇ ಹೆಚ್ಚು. ಆ ಎರಡು ಖಾತೆಗಳು ಒಂದಾದಾಗ ಏನಾಗುತ್ತದೆ ಎನ್ನುವುದಕ್ಕೆ ಈ ನುಡಿಗಟ್ಟನ್ನು ಇಂಗ್ಲಿಷ್ ಓದುಗರ ಬಾಯಲ್ಲಿ ನೆಲೆಗೊಳಿಸಿದ ಲೇಖಕನ ಬದುಕೇ ಸಾಕ್ಷಿ.

ಅವನು ವಿಲಿಯಂ ಮೇಕ್‌ಪೀಸ್ ಥ್ಯಾಕರೆ. 'ವ್ಯಾನಿಟಿ ಫೇರ್' ಬರೆದವನು. 1853ರಿಂದ 1855ರವರೆಗೆ ಕಂತುಗಳಲ್ಲಿ ಬಂದ 'ದ ನ್ಯೂಕಮ್ಸ್' ಕಾದಂಬರಿಯ ಒಂದು ಅಧ್ಯಾಯಕ್ಕೆ ಅವನಿಟ್ಟ ಹೆಸರಿನಲ್ಲೇ ಬಾರ್ನ್ಸ್ ಎಂಬ ಪಾತ್ರದ ಅಸ್ಥಿಪಂಜರದ ಕಪಾಟಿದೆ. ಬಾರ್ನ್ಸ್ ನ್ಯೂಕಮ್ ಲಂಡನ್ನಿನ ಬ್ಯಾಂಕರ್, ಹೊರಗೆ ಮಹಾ ಮರ್ಯಾದಸ್ಥ. ಅವನು ಕೈಬಿಟ್ಟ ಹೆಂಗಸೊಬ್ಬಳು ಅವನ ಮದುವೆಯ ದಿನ ಮಕ್ಕಳೊಂದಿಗೆ ಬಂದು ನಿಲ್ಲುತ್ತಾಳೆ. ಆ ಕಾದಂಬರಿಯ ತುಂಬ ಭಾರತದ ಹಣ ಓಡಾಡುತ್ತದೆ. ಬುಂದೇಲ್‌ಖಂಡದ ಹೆಸರಿನ ಒಂದು ಬ್ಯಾಂಕು, ಅದನ್ನು ನಂಬಿ ಮುಳುಗುವ ಮುದಿ ಕರ್ನಲ್. ಲೇಖಕನಿಗೆ ಇದು ಕಲ್ಪನೆಯ ಮಾತಾಗಿರಲಿಲ್ಲ. ಕಲ್ಕತ್ತೆಯ ಏಜೆನ್ಸಿ ಹೌಸುಗಳೆಂಬ ವ್ಯಾಪಾರಿ ಕೋಠಿಗಳು 1830ರ ದಶಕದ ಆರಂಭದಲ್ಲಿ ಒಂದರ ಹಿಂದೊಂದು ದಿವಾಳಿಯೆದ್ದಾಗ ಅವನ ಪಿತ್ರಾರ್ಜಿತದ ಬಹುಪಾಲು ಹೋಗಿತ್ತು.

ಏಕೆಂದರೆ ಥ್ಯಾಕರೆ ಹುಟ್ಟಿದ್ದೇ ಕಲ್ಕತ್ತೆಯಲ್ಲಿ, 1811ರ ಜುಲೈ 18ರಂದು. ತಂದೆ ರಿಚ್ಮಂಡ್ ಥ್ಯಾಕರೆ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಅಧಿಕಾರಿ. ತಾಯಿ ಆನ್ ಬೆಚರ್‌ಗೆ ಇಂಗ್ಲೆಂಡಿನಲ್ಲಿ ಹದಿಹರೆಯದಲ್ಲೇ ಹೆನ್ರಿ ಕಾರ್ಮೈಕಲ್ ಸ್ಮಿತ್ ಎಂಬ ಸೈನ್ಯದ ಯುವಕನ ಮೇಲೆ ಮನಸ್ಸಾಗಿತ್ತು. ಅಜ್ಜಿಗೆ ಅದು ಸರಿಬರಲಿಲ್ಲ. ಹುಡುಗ ಜ್ವರದಲ್ಲಿ ಸತ್ತನೆಂದು ಮೊಮ್ಮಗಳಿಗೆ ಹೇಳಿದಳು; ಅವಳಿಗೆ ನಿನ್ನ ಮೇಲೆ ಮನಸ್ಸಿಲ್ಲವೆಂದು ಹುಡುಗನಿಗೆ ತಿಳಿಸಿದಳು. 1809ರಲ್ಲಿ ಆನ್‌ಳನ್ನು ಕಲ್ಕತ್ತೆಗೆ ಕಳಿಸಿದರು, ಮರುವರ್ಷ ರಿಚ್ಮಂಡ್‌ನ ಜೊತೆ ಮದುವೆಯಾಯಿತು, ಮಗ ಹುಟ್ಟಿದ. 1812ರಲ್ಲಿ ಒಂದು ದಿನ ರಿಚ್ಮಂಡ್ ಹೊಸದಾಗಿ ಪರಿಚಯವಾದ ಅಧಿಕಾರಿಯೊಬ್ಬನನ್ನು ಊಟಕ್ಕೆ ಕರೆತಂದ. ಬಂದವನು ಸತ್ತನೆಂದು ಹೇಳಲಾಗಿದ್ದ ಅದೇ ಹೆನ್ರಿ. ಬಡಿಸುವ ಹೊತ್ತಿಗೆ ಆ ಮನೆಯಲ್ಲಿ ಏನಾಗಿರಬೇಡ? ರಿಚ್ಮಂಡ್ 1815ರಲ್ಲಿ ತೀರಿಕೊಂಡ. 1817ರಲ್ಲಿ ಆನ್ ಹೆನ್ರಿಯನ್ನೇ ಮದುವೆಯಾದಳು.

ಅದೇ ಮನೆತನದ ಕಪಾಟಿನಲ್ಲಿ ಇನ್ನೂ ಒಬ್ಬಳಿದ್ದಳು. ಮದುವೆಗೆ ಮುಂಚೆ, 1804ರಲ್ಲಿ, ಶಾರ್ಲಟ್ ಸೋಫಿಯಾ ರಡ್ ಎಂಬ ಹೆಂಗಸಿನಲ್ಲಿ ರಿಚ್ಮಂಡ್‌ಗೆ ಒಬ್ಬ ಮಗಳು ಹುಟ್ಟಿದ್ದಳು. ಶಾರ್ಲಟ್‌ಳ ರಕ್ತದಲ್ಲಿ ಭಾರತದ ಪಾಲಿತ್ತೆಂದು ಜೀವನಚರಿತ್ರಕಾರರ ಊಹೆ. ಮಗಳ ಹೆಸರು ಸಾರಾ ರೆಡ್‌ಫೀಲ್ಡ್. ಕಾದಂಬರಿಕಾರನ ಮಲಅಕ್ಕ. ಕಂಪನಿಯ ಕಲ್ಕತ್ತೆಯಲ್ಲಿ ಇದು ಅಪರೂಪದ ಸಂಗತಿಯಾಗಿರಲಿಲ್ಲ. ರಿಚ್ಮಂಡ್ ತನ್ನ ಉಯಿಲಿನಲ್ಲಿ ತಾಯಿ ಮಗಳಿಬ್ಬರನ್ನೂ ಹೆಸರಿಸಿದ್ದಾನೆ. ಬಾರ್ನ್ಸ್ ನ್ಯೂಕಮ್‌ಗಿಂತ ಅವನು ಅಷ್ಟರ ಮಟ್ಟಿಗೆ ಮೇಲು. ಆದರೆ ತಮ್ಮ ಐದು ವರ್ಷದವನಿದ್ದಾಗ, 1816ರ ಕೊನೆಗೆ, ಹಡಗು ಹತ್ತಿ ಇಂಗ್ಲೆಂಡಿನ ಶಾಲೆಗೆ ಹೋದ. ಅಕ್ಕ ಉಳಿದದ್ದು ಕಲ್ಕತ್ತೆಯಲ್ಲೇ.

ವ್ಯಾಧಿಯ ಪಾಳಿ ಆಮೇಲೆ ಬಂತು. ಥ್ಯಾಕರೆ 1836ರಲ್ಲಿ ಇಸಾಬೆಲ್ಲಾ ಶಾ ಎಂಬ ಐರಿಷ್ ಹುಡುಗಿಯನ್ನು ಮದುವೆಯಾದ. ಮೂರನೆಯ ಮಗಳ ಬಾಣಂತನದ ನಂತರ, 1840ರಲ್ಲಿ, ಅವಳ ಮನಸ್ಸು ಕೆಟ್ಟಿತು. ತವರಿಗೆ ಕರೆದೊಯ್ಯುತ್ತಿದ್ದ ಹಡಗಿನಿಂದ ಅವಳು ಸಮುದ್ರಕ್ಕೆ ಹಾರಿದಳು. ಇಪ್ಪತ್ತು ನಿಮಿಷದ ಮೇಲೆ, ತೇಲುತ್ತಿದ್ದವಳನ್ನು ಎತ್ತಿದರು. ಇಂದಿನ ವೈದ್ಯರಾದರೆ ಬಾಣಂತಿಯ ಖಿನ್ನತೆ ಎಂದು ಕೂಡಲೇ ಗುರುತು ಹಿಡಿಯುತ್ತಿದ್ದರೇನೋ. ಅವನು ಊರೂರಿಗೆ, ವೈದ್ಯರಿಂದ ವೈದ್ಯರಿಗೆ ಅಲೆದ. ಕೊನೆಗೆ ನಂಬಿಕಸ್ಥರ ಮನೆಯೊಂದರಲ್ಲಿ ಹಣ ಕೊಟ್ಟು ಅವಳನ್ನಿರಿಸಿದ. ಸುದ್ದಿ ಆಪ್ತರ ಬಳಗವನ್ನು ಹೆಚ್ಚೇನೂ ದಾಟಲಿಲ್ಲ.

ಹೀಗಿರುವಾಗ 1847ರ ಅಕ್ಟೋಬರಿನಲ್ಲಿ ಕರರ್ ಬೆಲ್ ಎಂಬ ಗುಪ್ತನಾಮದಲ್ಲಿ ಒಂದು ಕಾದಂಬರಿ ಬಂತು, 'ಜೇನ್ ಐರ್'. ಅದರ ನಾಯಕ ರೋಚೆಸ್ಟರ್ ಹುಚ್ಚು ಹಿಡಿದ ಹೆಂಡತಿಯನ್ನು ಮಹಡಿಯ ಮೇಲೆ ಬಚ್ಚಿಟ್ಟು, ಮನೆಪಾಠದ ಹುಡುಗಿಯನ್ನು ಮದುವೆಯಾಗಹೊರಟವನು. ಬರೆದವಳು ಯಾರ್ಕ್‌ಷೈರಿನ ಪಾದ್ರಿಯ ಮಗಳು ಷಾರ್ಲಟ್ ಬ್ರಾಂಟೆ. ಥ್ಯಾಕರೆಯ ಮನೆಯ ಸ್ಥಿತಿ ಅವಳಿಗೆ ಗೊತ್ತೇ ಇರಲಿಲ್ಲ; ಬರಹ ಮಾತ್ರ ಗೊತ್ತಿತ್ತು. ಆ ಅಭಿಮಾನದಿಂದ 1848ರ ಆರಂಭದಲ್ಲಿ ಬಂದ ಎರಡನೆಯ ಮುದ್ರಣವನ್ನು ಅವನಿಗೆ ಅರ್ಪಿಸಿದಳು. ಲಂಡನ್ನಿಗೆ ಅಷ್ಟು ಸಾಕಾಯಿತು. ಬರೆದವಳು ಥ್ಯಾಕರೆಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳೇ, ರೋಚೆಸ್ಟರ್ ಅಂದರೆ ಥ್ಯಾಕರೆಯೇ ಎಂದು ಊರೆಲ್ಲ ಗುಸುಗುಸು. ವಿಷಯ ತಿಳಿದಾಗ ಬ್ರಾಂಟೆ ನಾಚಿಕೆಯಿಂದ ಕುಗ್ಗಿದಳು. ಅರ್ಪಣೆಯ ಒಂದು ಪುಟ, ಯಾರ ಕೆಟ್ಟ ಉದ್ದೇಶವೂ ಇಲ್ಲದೆ, ಕಪಾಟಿನ ಚಿಲಕ ಸರಿಸಿತ್ತು.

ಇಷ್ಟೆಲ್ಲ ಆದ ಐದಾರು ವರ್ಷಕ್ಕೆ ಥ್ಯಾಕರೆ 'ದ ನ್ಯೂಕಮ್ಸ್' ಬರೆದ. ಅದರಲ್ಲಿ ಈ ನುಡಿಗಟ್ಟು ಬರುವ ಕಡೆಯಲ್ಲೆಲ್ಲ ಒಂದು ಹಗುರ ದನಿಯಿದೆ, ಎಲ್ಲರ ಮನೆಯಲ್ಲೂ ಇದ್ದದ್ದೇ ಬಿಡಿ ಎಂಬ ಲೋಕಜ್ಞಾನಿಯ ನಗು. ಆ ನಗುವನ್ನು ನಾನು ಪೂರ್ತಿ ನಂಬುವುದಿಲ್ಲ. ಇಸಾಬೆಲ್ಲಾ ಗಂಡ ಸತ್ತ ಮೇಲೂ ಮೂವತ್ತು ವರ್ಷ ಬದುಕಿದ್ದಳು. ಅವಳ ದೃಷ್ಟಿಯಿಂದ ನೋಡಿದರೆ ಈ ನುಡಿಗಟ್ಟಿನ ಕೊರತೆ ಕಾಣುತ್ತದೆ. ಅದು ಹುಟ್ಟಿದ್ದು ಕಪಾಟಿನ ಯಜಮಾನನ ಬಾಯಲ್ಲಿ. ಬಾಗಿಲು ತೆರೆದರೆ ಮಾನ ಹೋಗುವುದು ಅವನದು, ನೋವೂ ಅವನದು. ಒಳಗಿರುವುದು ಒಂದು ವಸ್ತು. ಅದಕ್ಕೆ ಹೆಸರು ಬೇಕಿಲ್ಲ. ಸಾರಾ, ಇಸಾಬೆಲ್ಲಾ, ಬಾರ್ನ್ಸ್‌ನ ಮದುವೆಗೆ ಬಂದ ಆ ಹೆಂಗಸು, ಮೂವರೂ ಈ ಮಾತಿನೊಳಗೆ ಎಲುಬುಗಳೇ.

ಧಾರವಾಡದ ಕಡೆಯವರು ಇಷ್ಟು ಹೊತ್ತಿಗೆ ಥ್ಯಾಕರೆ ಎಂಬ ಹೆಸರಿಗೆ ಕಿವಿ ನಿಮಿರಿಸಿರುತ್ತೀರಿ. ನೀವಂದುಕೊಂಡದ್ದು ಸರಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಸತ್ತ ಸೇಂಟ್ ಜಾನ್ ಥ್ಯಾಕರೆ ಇವನ ಸ್ವಂತ ಚಿಕ್ಕಪ್ಪ, ರಿಚ್ಮಂಡ್‌ನ ತಮ್ಮ. ಧಾರವಾಡದ ಕಲೆಕ್ಟರ್, ಕಂಪನಿಯ ಏಜೆಂಟ್. ಅವನ ಸಮಾಧಿ ಧಾರವಾಡದಲ್ಲೇ ಇದೆ. ನಮ್ಮ ಲಾವಣಿ ನಾಟಕಗಳಲ್ಲಿ ಅವನು ಖಳ, ಇಂಗ್ಲಿಷ್ ಸಾಹಿತ್ಯದ ಪಾಠದಲ್ಲಿ ಅವನ ಅಣ್ಣನ ಮಗ ಮಹಾ ಲೇಖಕ. ಇಬ್ಬರನ್ನೂ ಒಂದೇ ಮನೆಯವರೆಂದು ನಮಗೆ ತರಗತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಕಿತ್ತೂರಿನ ಜಗಳ ಶುರುವಾದದ್ದೇ ಒಂದು ಮನೆತನದ ಒಳಸಂಗತಿಯಿಂದ. ಅಲ್ಲಿನ ದೊರೆ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕ ತೆಗೆದುಕೊಂಡಿದ್ದೇವೆ ಎಂದು ಅರಮನೆಯವರು ಹೇಳಿದರು. ದತ್ತಕ ನಡೆದದ್ದು ದೊರೆ ಕಣ್ಣುಮುಚ್ಚುವ ಮುಂಚೆಯೋ ಆಮೇಲೋ, ಪತ್ರದ ಮೇಲಿನ ರುಜು ಅವನದೇ ಹೌದೋ ಎಂಬ ಸಂಶಯವನ್ನೆತ್ತಿದ ಸೇಂಟ್ ಜಾನ್, ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ತನ್ನ ಕಡೆಯಿಂದ ಅವನು ಒಂದು ಮುಚ್ಚಿಟ್ಟ ಸತ್ಯವನ್ನು ಹೊರತೆಗೆಯುತ್ತಿದ್ದ. ರಾಣಿ ಚೆನ್ನಮ್ಮನ ಕಡೆಯಿಂದ ನೋಡಿದರೆ ಹೊರಗಿನವನೊಬ್ಬ ಬಂದು ಮನೆಯ ಕಪಾಟಿಗೆ ಕೈಹಾಕುತ್ತಿದ್ದ. ಯಾರ ಮನೆಯ ಬೀಗವನ್ನು ಯಾರು ಒಡೆಯಬಹುದು ಎಂಬುದು ಅಧಿಕಾರದ ಪ್ರಶ್ನೆ. ಕಲ್ಕತ್ತೆಯ ಅಣ್ಣನ ವಂಶಾವಳಿಯನ್ನು ಯಾವ ಕಿತ್ತೂರಿನವರೂ ಕೇಳುವ ಹಾಗಿರಲಿಲ್ಲ. ಸೇಂಟ್ ಜಾನ್ ಸತ್ತ ಆ ಕಾಳಗದಲ್ಲಿ ಸೆರೆಸಿಕ್ಕ ಕಂಪನಿಯ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೆ ಇದೇ ಸೀಮೆಯ ಊರೂರು ತಿರುಗಿ ಕನ್ನಡ ಶಾಸನಗಳನ್ನು ನೂರುಗಟ್ಟಲೆ ನಕಲು ಮಾಡಿಸಿದ. ಚಾಲುಕ್ಯರ ಇತಿಹಾಸ ಮೊದಲಿಗೆ ರೂಪುಗೊಂಡದ್ದು ಆ ನಕಲುಗಳಿಂದ. ಅದೂ ಹೊರಬಂದ ಸತ್ಯವೇ. ಆದರೆ ಅದನ್ನು ಬೇರೆ ಉಪನ್ಯಾಸಕ್ಕೆ ಬಿಡುತ್ತೇನೆ.

ಎಲುಬುಗಳಿಗೆ ಮರಳೋಣ, ನಿಜವಾದ ಎಲುಬುಗಳಿಗೆ. ಕಲ್ಕತ್ತಾ ಮೆಡಿಕಲ್ ಕಾಲೇಜು 1835ರಲ್ಲಿ ಶುರುವಾಯಿತು. 1836ರಲ್ಲಿ ಪಂಡಿತ ಮಧುಸೂದನ ಗುಪ್ತ ಅಲ್ಲಿ ಮಾನವ ದೇಹವನ್ನು ಕೊಯ್ದಾಗ ಅದೊಂದು ಕ್ರಾಂತಿಯೆಂದು ಹೊಗಳಿದರು, ಹೊಗಳಬೇಕಾದದ್ದೇ. ಕಾಲ ಸರಿದಂತೆ ಕಲ್ಕತ್ತೆ ಜಗತ್ತಿಗೆ ಅಸ್ಥಿಪಂಜರ ಒದಗಿಸುವ ಊರಾಯಿತು. ಮಸಣದ ಕೆಲಸವನ್ನು ಜಾತಿಯ ಹೆಸರಿನಲ್ಲಿ ಹೇರಿಸಿಕೊಂಡಿದ್ದ ಡೋಮರು ವಾರಸುದಾರರಿಲ್ಲದ ಹೆಣಗಳ ಎಲುಬು ಬಿಡಿಸಿ, ತೊಳೆದು, ಬಿಸಿಲಿಗೆ ಹಾಕಿ ಬಿಳಿಯಾಗಿಸಿ ಕೊಡುತ್ತಿದ್ದರು. ಸಾಹುಕಾರರು ಅದನ್ನು ತಂತಿಯಲ್ಲಿ ಪೋಣಿಸಿ ಲಂಡನ್ನಿಗೆ, ಅಮೆರಿಕಕ್ಕೆ ರಫ್ತು ಮಾಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಬಹುಪಾಲು ಕಾಲ ಇಂಗ್ಲೆಂಡಿನ ವೈದ್ಯ ವಿದ್ಯಾರ್ಥಿಯ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿದ್ದದ್ದು ಬಂಗಾಳದ ಅಥವಾ ಬಿಹಾರದ ಯಾವುದೋ ಬಡವನ ಎಲುಬು. ಮಕ್ಕಳ ಅಸ್ಥಿಪಂಜರಗಳ ದೊಡ್ಡ ರಾಶಿಯೊಂದು ಸಿಕ್ಕಿ ಗಲಾಟೆಯಾದ ಮೇಲೆ 1985ರಲ್ಲಿ ಭಾರತ ಸರ್ಕಾರ ರಫ್ತನ್ನು ನಿಷೇಧಿಸಿತು. ಆಗಲೂ ದಂಧೆ ನಿಲ್ಲಲಿಲ್ಲ. 2007ರಲ್ಲಿ ಬರ್ಧಮಾನ್ ಜಿಲ್ಲೆಯ ಪೂರ್ಬಸ್ಥಲಿಯಲ್ಲಿ ಪೊಲೀಸರು ಎಲುಬು ತೊಳೆಯುವ ಒಂದು ಜಾಗಕ್ಕೇ ನುಗ್ಗಬೇಕಾಯಿತು. ನಮ್ಮ ಮೆಡಿಕಲ್ ಹಾಸ್ಟೆಲುಗಳಲ್ಲೂ 'ಬೋನ್ ಸೆಟ್' ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈಬದಲಾಗುತ್ತಿತ್ತು. ಅದು ಎಲ್ಲಿಂದ ಬಂತೆಂದು ಕೇಳುವ ಪದ್ಧತಿ ಇರಲಿಲ್ಲ.

ಹಾಗಾಗಿ ಇಂಗ್ಲೆಂಡಿನವರು ಕಪಾಟಿನ ಅಸ್ಥಿಪಂಜರ ಎಂದು ಲಘುವಾಗಿ ನಗುತ್ತಿದ್ದ ಕಾಲದಲ್ಲೇ ಅವರ ಕಪಾಟುಗಳಲ್ಲಿ ಅಕ್ಷರಶಃ ಅಸ್ಥಿಪಂಜರಗಳಿದ್ದವು. ಅವುಗಳಲ್ಲಿ ಕೆಲವು ಕೊನೆಗೂ ತಕರಾರಿನ ವಸ್ತುವಾಗಿವೆ. ಏಳೂವರೆ ಅಡಿ ಮೀರಿದ್ದ ಐರ್ಲೆಂಡಿನ ಚಾರ್ಲ್ಸ್ ಬರ್ನ್ ತನ್ನನ್ನು ಸಮುದ್ರದಲ್ಲಿ ಮುಳುಗಿಸಿ, ವೈದ್ಯರ ಕೈಗೆ ಕೊಡಬೇಡಿ ಎಂದು ಬೇಡಿಕೊಂಡು 1783ರಲ್ಲಿ ಸತ್ತ. ಶಸ್ತ್ರವೈದ್ಯ ಜಾನ್ ಹಂಟರ್ ದುಡ್ಡು ಚೆಲ್ಲಿ ಹೆಣ ದಕ್ಕಿಸಿಕೊಂಡ. ಎರಡು ಶತಮಾನ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಮ್ಮಿನಲ್ಲಿ ನಿಂತಿದ್ದ ಆ ಅಸ್ಥಿಪಂಜರವನ್ನು 2023ರಲ್ಲಿ ಪ್ರದರ್ಶನದಿಂದ ತೆಗೆದರು. ಸಮುದ್ರಕ್ಕೆ ಮಾತ್ರ ಕೊಡಲಿಲ್ಲ. ಸಂಶೋಧನೆಗೆ ಬೇಕೆಂದು ಒಳಗಿಟ್ಟುಕೊಂಡಿದ್ದಾರೆ. ತೋರಿಸುತ್ತಿದ್ದದ್ದು ಈಗ ನಿಜವಾಗಿಯೂ ಕಪಾಟು ಸೇರಿದೆ.

ಇನ್ನು ನನ್ನ ತಕರಾರು. ಅಸ್ಥಿಪಂಜರಗಳು 'ಉರುಳಿಬೀಳುತ್ತವೆ' ಎಂದು ಬರೆದಾಗ ಕಪಾಟು ತಾನಾಗಿ ತೆರೆದುಕೊಂಡಂತೆ ಓದುಗನಿಗೆ ಅನಿಸುತ್ತದೆ. ಕನ್ನಡ ಪತ್ರಿಕೆಗಳ 'ಪ್ರಕರಣ ಬೆಳಕಿಗೆ ಬಂದಿದೆ' ಎಂಬ ಮಾತಿಗೂ ಅದೇ ದೋಷ. ಹಗರಣದ ಹೂರಣ ಹೊರಬಿತ್ತು ಎಂದರೂ ಅಷ್ಟೇ. ಥ್ಯಾಕರೆ ತನ್ನ ಜೀವನಚರಿತ್ರೆ ಬರೆಯಕೂಡದೆಂದು ಹೆಣ್ಣುಮಕ್ಕಳಿಗೆ ಹೇಳಿ ಸತ್ತಿದ್ದ. ಮಗಳು ಆನ್ ಬಹುಕಾಲ ಅದನ್ನು ಪಾಲಿಸಿ, ಶತಮಾನದ ಕೊನೆಯಲ್ಲಿ ಅವನ ಕೃತಿಶ್ರೇಣಿಗೆ ಮುನ್ನುಡಿಗಳ ರೂಪದಲ್ಲಿ ಸ್ವಲ್ಪ ಸ್ವಲ್ಪ ಹೇಳಿದಳು. ಗಾರ್ಡನ್ ರೇ ಎಂಬ ಅಮೆರಿಕದ ವಿದ್ವಾಂಸ 1945-46ರಲ್ಲಿ ನಾಲ್ಕು ಸಂಪುಟ ಪತ್ರಗಳನ್ನು ಅಚ್ಚುಹಾಕಿಸಿದ, ಆಮೇಲೆ ಜೀವನಚರಿತ್ರೆ ಬರೆದ. ಸಾರಾಳ ಹೆಸರು ನನ್ನ ಕಿವಿಗೆ, ಈಗ ನಿಮ್ಮ ಕಿವಿಗೆ ಬಿದ್ದಿರುವುದು ಉಯಿಲು, ಚರ್ಚಿನ ದಾಖಲೆ, ಕಾಗದಪತ್ರಗಳನ್ನು ಯಾರೋ ಕೂತು ಓದಿದ್ದರಿಂದ.

ನಮ್ಮಲ್ಲೇ ನೋಡಿ. ಬಳ್ಳಾರಿಯ ಕಬ್ಬಿಣದ ಅದಿರಿನ ಅಕ್ರಮದ ಬಗ್ಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರಲ್ಲಿ ಒಂದು, 2011ರ ಜುಲೈನಲ್ಲಿ ಇನ್ನೊಂದು ವರದಿ ಕೊಟ್ಟರು. ಎರಡನೆಯದು ಇಂಗ್ಲಿಷ್ ಶೀರ್ಷಿಕೆಗಳಿಗೆ ಅಸ್ಥಿಪಂಜರಗಳ ಆಸೆ ತಡೆಯಲಾಗದಂಥ ಸುದ್ದಿಯಾಗಿತ್ತು. ಆದರೆ ಅಲ್ಲಿ ಏನೂ ಉರುಳಲಿಲ್ಲ. ಅರಣ್ಯ ಸೇವೆಯ ಅಧಿಕಾರಿ ಡಾ. ಯು.ವಿ. ಸಿಂಗ್ ಮತ್ತು ಅವರ ತಂಡದವರು ಸಾಗಣೆ ಪರವಾನಗಿಗಳನ್ನು, ತೂಕದ ಲೆಕ್ಕವನ್ನು, ಬಂದರಿನ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ತಾಳೆ ನೋಡಿದರು. ಸುದ್ದಿಮನೆಗೆ ಹೋಗಲಿರುವ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟೇ. ಇಂಗ್ಲಿಷಿನ ಸುದ್ದಿ ನಿಮ್ಮ ಮೇಜಿಗೆ ಬಂದು, ಅದರಲ್ಲಿ ಅಸ್ಥಿಪಂಜರಗಳು ಕಪಾಟಿನಿಂದ ಬೀಳುತ್ತಿದ್ದರೆ, ಕನ್ನಡಕ್ಕೆ ತರುವಾಗ ಕಪಾಟು ತೆರೆದವರು ಯಾರು, ಯಾವ ಕಾಗದ ಹಿಡಿದು ತೆರೆದರು, ಒಳಗಿದ್ದವರ ಹೆಸರೇನು ಎಂಬುದನ್ನು ಸುದ್ದಿಯೊಳಗೆ ಹುಡುಕಿ ಮೊದಲ ಪ್ಯಾರಾದಲ್ಲೇ ಬರೆಯಿರಿ. ಸುದ್ದಿಯಲ್ಲಿ ಅದು ಇಲ್ಲದಿದ್ದರೆ ವರದಿಗಾರರಿಗೆ ಫೋನ್ ಮಾಡಿ. ವಾಕ್ಯ ಉದ್ದವಾಗುತ್ತದೆ, ಪುಟ ಕಟ್ಟುವವರು ಜಾಗವಿಲ್ಲವೆಂದು ಗೊಣಗುತ್ತಾರೆ. ಗೊಣಗಲಿ, ಪಕ್ಕದ ಜಾಹೀರಾತು ಎರಡು ಸಾಲು ಕೆಳಗೆ ಹೋಗಲಿ.